ರೈಫಲ್‌ನ ಕಟ್ಟಿಗೆ ಸ್ಟಾಕ್ (ಕೈಯಲ್ಲಿ ಹಿಡಿದು ಹೆಗಲಿಗೆ ಆನಿಸುವ ಚೌಕಟ್ಟು) ತೆಗೆದು ಅಲ್ಯೂಮಿನಿಯಂ ಚಾಸಿ (ಲೋಹದ ಸ್ಟಾಕ್) ಹಾಕಿದರೆ ತೂಕ, ಬ್ಯಾಲೆನ್ಸ್ ಏನಾಗುತ್ತದೆ? ಬೆಳಗಾವಿ ಕಡೆಯವರ ಅನುಭವ ಬೇಕು

ಟಿಳಕವಾಡಿ_50ಮೀ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ನನ್ನದು ಹಳೆಯ ಆನ್‌ಶುಟ್ಸ್ .22 ರೈಫಲ್, 54 ಆ್ಯಕ್ಷನ್ (ಗುಂಡು ತುಂಬಿ ಸಿಡಿಸುವ ಯಂತ್ರಭಾಗ), ವಾಲ್‌ನಟ್ ಕಟ್ಟಿಗೆಯ ಸ್ಟಾಕ್. ಬರೀ ಪ್ರೋನ್ (ಮಲಗಿ) ಹೊಡೆಯುತ್ತಿದ್ದಾಗ ಇದರ ಬಗ್ಗೆ ಯಾವ ತಕರಾರೂ ಇರಲಿಲ್ಲ. 2024ರಲ್ಲಿ ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಪ್ಯಾರಿಸ್‌ನಲ್ಲಿ 50 ಮೀಟರ್ ಮೂರು ಪೊಸಿಷನ್‌ನಲ್ಲಿ ಕಂಚು ಗೆದ್ದ ಮೇಲೆ ಈ ಭಾಗದಲ್ಲಿ ಎಲ್ಲರಿಗೂ ಅದೇ ಹುಚ್ಚು. ನನಗೂ ಹತ್ತಿದೆ. ನೀಲಿಂಗ್ (ಮಂಡಿಯೂರಿ), ಸ್ಟ್ಯಾಂಡಿಂಗ್ (ನಿಂತು) ಶುರು ಮಾಡಿದ್ದೇನೆ. ಹಳೆಯ ಸ್ಟಾಕ್‌ನಲ್ಲಿ ಬಟ್‌ಪ್ಲೇಟ್ (ಹೆಗಲಿಗೆ ತಾಗುವ ಹಿಂದಿನ ತುದಿ) ಮೇಲೆ ಕೆಳಗೆ ಸರಿಯುವುದೇ ಸ್ವಲ್ಪ. ಚೀಕ್‌ಪೀಸ್ (ಗಲ್ಲ ಇಡುವ ಭಾಗ) ಅಂತೂ ಒಂದೇ ಎತ್ತರಕ್ಕೆ ಕಚ್ಚಿಕೊಂಡು ಕೂತಿದೆ.

ಒಬ್ಬ ಗೆಳೆಯರು ತಮ್ಮ ಅಲ್ಯೂಮಿನಿಯಂ ಸ್ಟಾಕ್ ಪರೀಕ್ಷೆಗೆ ಕೊಟ್ಟಿದ್ದಾರೆ. ಹೊಸದು ತರಿಸುವ ಮುಂಚೆ ಅಳೆದು ನೋಡೋಣ ಅಂತ ಕೂತೆ. ತೂಕಕ್ಕೆ ಲಗೇಜ್ ತೂಗುವ ಡಿಜಿಟಲ್ ಕೊಕ್ಕೆ. ಬ್ಯಾಲೆನ್ಸ್‌ಗೆ, ಅಂದರೆ ರೈಫಲ್ ಎಲ್ಲಿ ಸಮವಾಗಿ ತೂಗುತ್ತದೆ ಅಂತ ನೋಡಲು, ಅಡುಗೆಮನೆಯ ಲಟ್ಟಣಿಗೆ. ಎರಡರಲ್ಲೂ ಅದೇ ಬ್ಯಾರಲ್, ಅದೇ ಸೈಟ್.

ಕಟ್ಟಿಗೆ ಸ್ಟಾಕ್: ಒಟ್ಟು 5.0 ಕೆ.ಜಿ. ಬ್ಯಾಲೆನ್ಸ್ ಟ್ರಿಗರ್‌ನಿಂದ 14 ಸೆ.ಮೀ. ಮುಂದೆ.
ಅಲ್ಯೂಮಿನಿಯಂ: ಒಟ್ಟು 5.9 ಕೆ.ಜಿ. ಬ್ಯಾಲೆನ್ಸ್ ಟ್ರಿಗರ್‌ನಿಂದ 9 ಸೆ.ಮೀ. ಮುಂದೆ.

ಒಗಟು ಇಲ್ಲೇ ಇದೆ. ಸುಮಾರು ಒಂದು ಕಿಲೋ ಜಾಸ್ತಿ ಆಗಿದೆ. ಭಾರ ಜಾಸ್ತಿ ಆದರೆ ರೈಫಲ್ ಗಟ್ಟಿ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಂತು ಹಿಡಿದರೆ ಮಾತ್ರ ಮೂತಿ ಹಗುರಾಗಿ ಎಡಕ್ಕೆ ಬಲಕ್ಕೆ ಓಡಾಡುತ್ತಿದೆ. ಕಟ್ಟಿಗೆಯಲ್ಲಿ ಇಷ್ಟು ಆಡುತ್ತಿರಲಿಲ್ಲ. ಪ್ರೋನ್‌ನಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಯಾರಾದರೂ ಸ್ಟಾಕ್ ಬದಲಿಸಿದವರು ಇದ್ದರೆ ಹೇಳಿ. ಮುಂದೆ ತೂಕ ಕಟ್ಟಬೇಕಾ, ಅಥವಾ ಈ ಚಾಸಿಯೇ ಬೇಡವಾ?


ಗೋಕಾಕ್_ಹವಾಲ್ದಾರ್ (ನಿವೃತ್ತ)

ತಮ್ಮಾ, ನಮ್ಮ ಕಾಲದಲ್ಲಿ ಎಸ್‌ಎಲ್‌ಆರ್ ಅಂತ 7.62 ರೈಫಲ್ ಇತ್ತು. ನಾಲ್ಕು ಕಿಲೋ ಮೇಲೆ. ಕಟ್ಟಿಗೆ ಬಟ್, ಕಟ್ಟಿಗೆ ಹ್ಯಾಂಡ್‌ಗಾರ್ಡ್. ಎತ್ತರ ಇದ್ದವನಿಗೂ ಅದೇ, ಗಿಡ್ಡ ಇದ್ದವನಿಗೂ ಅದೇ. ಆದರೂ 300 ಮೀಟರ್‌ನಲ್ಲಿ ಗ್ರೂಪ್ (ಗುಂಡುಗಳು ಒತ್ತಾಗಿ ಬೀಳುವ ಗುಂಪು) ಕೂಡಿಸುತ್ತಿದ್ದೆವು. ನೀವು ಈಗಿನವರು ಗ್ರಾಂ ಲೆಕ್ಕದಲ್ಲಿ ಕೂತಿದ್ದೀರಿ.

ಹಾಗಂತ ಬೈಯುವುದಿಲ್ಲ. ಒಂದೇ ಮಾತು. ನೊಗ ಎಷ್ಟೇ ಹಗುರ ಇರಲಿ, ಹೆಗಲಿಗೆ ಸರಿಯಾಗಿ ಕೂರದಿದ್ದರೆ ಎತ್ತಿನ ಹೆಗಲಿಗೆ ಬಾವು ಬಂದೇ ಬರುತ್ತದೆ. ಮೊದಲು ಕಣ್ಣು ಮುಚ್ಚಿಕೊಂಡು ರೈಫಲ್ ಹೆಗಲಿಗೆ ತಗೊಳ್ಳಿ. ಗಲ್ಲ ಇಟ್ಟು ಕಣ್ಣು ತೆಗೆಯಿರಿ. ಪೀಪ್‌ನ (ಹಿಂದಿನ ಸೈಟ್‌ನ ತೂತಿನ) ನಡುವೆ ಫೋರ್‌ಸೈಟ್ (ಮುಂದಿನ ಸೈಟ್) ಕಾಣಬೇಕು. ಕುತ್ತಿಗೆ ಎತ್ತಿ ಇಳಿಸಿ ಹುಡುಕುವ ಹಂಗಿದ್ದರೆ ತೂಕದ ಮಾತು ಆಮೇಲೆ.


ಉದ್ಯಮಬಾಗ್_ಮಿಲ್ಲಿಂಗ್ (ಬೆಳಗಾವಿ)

ಹವಾಲ್ದಾರ್ ಕಾಕಾ ಹೇಳಿದ್ದು ಸರಿ. ಆದರೆ ಟಿಳಕವಾಡಿ ಅಣ್ಣನ ಪ್ರಶ್ನೆಗೆ ಉತ್ತರ ಅವರ ಅಳತೆಯಲ್ಲೇ ಇದೆ. ನಾನು ಹತ್ತು ಮೀಟರ್ ಏರ್ ರೈಫಲ್ ಹೊಡೆಯುವವನು. ಹೊಟ್ಟೆಪಾಡಿಗೆ ಸಿಎನ್‌ಸಿ ಮೇಲೆ ಹೈಡ್ರಾಲಿಕ್ಸ್ ಭಾಗಗಳನ್ನು ಮಾಡುತ್ತೇನೆ. ಹಾಗಾಗಿ ಸ್ವಲ್ಪ ಲೆಕ್ಕ ಹಾಕುತ್ತೇನೆ, ಬೇಜಾರಾದರೆ ದಾಟಿಕೊಂಡು ಹೋಗಿ.

ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ. ವಾಲ್‌ನಟ್ ಹೆಚ್ಚು ಕಡಿಮೆ 0.65. ಅಂದರೆ ನಾಲ್ಕು ಪಟ್ಟು. ಕಟ್ಟಿಗೆ ಸ್ಟಾಕ್‌ನ ಆಕಾರದಲ್ಲೇ ಅಲ್ಯೂಮಿನಿಯಂ ತುಂಬಿಸಿದರೆ ಎತ್ತುವುದಕ್ಕೇ ಆಗುವುದಿಲ್ಲ. ಅದಕ್ಕೇ ಚಾಸಿಗಳೆಲ್ಲ ಎಲುಬುಗೂಡಿನ ಥರ ಇರುತ್ತವೆ. ಮಾಲು ತೆಗೆದು ತೆಗೆದು ತೂಕ ಇಳಿಸಿರುತ್ತಾರೆ. ಮುಂದೆ, ಅಂದರೆ ಫೋರೆಂಡ್‌ನಲ್ಲಿ, ಬೇಕಾದಷ್ಟು ತೆಗೆಯಬಹುದು. ಹಿಂದೆ ಹಾಗೆ ಆಗುವುದಿಲ್ಲ. ಬಟ್‌ಪ್ಲೇಟ್ ಮೇಲೆ ಕೆಳಗೆ, ಹಿಂದೆ ಮುಂದೆ, ಓರೆಯಾಗಿ ಎಲ್ಲ ಸರಿಯಬೇಕು. ಚೀಕ್‌ಪೀಸ್‌ಗೂ ಅದೇ. ಅದಕ್ಕೆಲ್ಲ ರಾಡ್, ಕ್ಲ್ಯಾಂಪ್, ಸ್ಕ್ರೂ ಬೇಕು. ಸ್ಕ್ರೂ ಎಲ್ಲ ಉಕ್ಕಿನವು, ಘನ ಸೆಂಟಿಮೀಟರಿಗೆ 7.8 ಗ್ರಾಂ. ಅಷ್ಟೂ ಸಾಮಾನು ಟ್ರಿಗರ್‌ನ ಹಿಂದೆ ಕೂರುತ್ತದೆ. ಅಣ್ಣಾ, ನಿಮಗೆ ಜಾಸ್ತಿಯಾದ 900 ಗ್ರಾಂನಲ್ಲಿ ಹೆಚ್ಚಿನದು ಅಲ್ಲೇ ಇದೆ. ಅದಕ್ಕೇ ಬ್ಯಾಲೆನ್ಸ್ 5 ಸೆ.ಮೀ. ಹಿಂದಕ್ಕೆ ಬಂತು, ಮೂತಿ ಹಗುರಾಯಿತು.

ಈಗ ಮುಂದೆ ತೂಕ ಕಟ್ಟುವ ವಿಚಾರ. ಬ್ಯಾರಲ್ ಮೇಲೆ, ಟ್ರಿಗರ್‌ನಿಂದ 45 ಸೆ.ಮೀ. ಮುಂದೆ 300 ಗ್ರಾಂ ಹಾಕಿದಿರಿ ಅಂತ ಇಟ್ಟುಕೊಳ್ಳಿ. 5.9ನ್ನು 9ರಿಂದ ಗುಣಿಸಿ, 0.3ನ್ನು 45ರಿಂದ ಗುಣಿಸಿ, ಕೂಡಿಸಿ 6.2ರಿಂದ ಭಾಗಿಸಿ. 10.7 ಸೆ.ಮೀ. ಬಂತು. ಇನ್ನೂ 14 ದೂರವೇ ಇದೆ. 14ಕ್ಕೆ ತರಬೇಕಾದರೆ ಸುಮಾರು 950 ಗ್ರಾಂ ಬೇಕು. ಆಗ ರೈಫಲ್ 6.85 ಕೆ.ಜಿ. ಆಗುತ್ತದೆ. ನಿಮ್ಮ ಸೊಂಟವನ್ನು ಒಮ್ಮೆ ಕೇಳಿ ನೋಡಿ.

ಅದೇ ಹಿಂದಿನಿಂದ 300 ಗ್ರಾಂ ತೆಗೆದರೆ? ಬಟ್‌ಪ್ಲೇಟ್ ಸಾಮಾನು ಟ್ರಿಗರ್‌ನಿಂದ 25 ಸೆ.ಮೀ. ಹಿಂದಿದೆ ಅಂತ ಹಿಡಿದರೆ ಬ್ಯಾಲೆನ್ಸ್ 10.8ಕ್ಕೆ ಬರುತ್ತದೆ. ಮುಂದೆ 300 ಕಟ್ಟಿದ್ದಕ್ಕೂ ಇದಕ್ಕೂ ಒಂದೇ ಫಲ. ಆದರೆ ಅಲ್ಲಿ ರೈಫಲ್ 6.2 ಕೆ.ಜಿ., ಇಲ್ಲಿ 5.6 ಕೆ.ಜಿ. ಹಾಗಾಗಿ ಮೊದಲು ಹಿಂದೆ ಕಡಿಮೆ ಮಾಡಿ. ಉದ್ದನೆಯ ಉಕ್ಕಿನ ರಾಡ್ ಇದ್ದರೆ ಅಲ್ಯೂಮಿನಿಯಂದು ಹಾಕಿಸಿ. ಬಳಸದ ಕೊಕ್ಕೆ, ರೈಲು ಬಿಚ್ಚಿಡಿ. ಇನ್ನೊಂದು, ಕೆಲವು ಅಲ್ಯೂಮಿನಿಯಂ ಸ್ಟಾಕ್‌ಗಳಲ್ಲಿ ಆ್ಯಕ್ಷನ್ನನ್ನೇ ಮುಂದಕ್ಕೆ ಸರಿಸಿ ಕೂರಿಸಬಹುದು. ನಿಮ್ಮ ಕೈಯಲ್ಲಿರುವುದಕ್ಕೆ ಆ ಸೌಲಭ್ಯ ಇದೆಯಾ ನೋಡಿ. ಇದ್ದರೆ ಒಂದು ಗ್ರಾಂ ಕೂಡ ಸೇರಿಸದೆ ಕೆಲಸ ಆಗುತ್ತದೆ.


ಹತ್ತು_ಮೀಟರ್ (ಬೆಳಗಾವಿ)

ಉದ್ಯಮಬಾಗ್ ಅಣ್ಣಾ, ಲೆಕ್ಕ ಚೆನ್ನಾಗಿದೆ. ಒಂದು ಸೇರಿಸುತ್ತೇನೆ. ಬ್ಯಾಲೆನ್ಸ್ ಒಂದೇ ಇದ್ದರೂ ಎರಡು ರೈಫಲ್ ಬೇರೆ ಬೇರೆ ಥರ ಆಡುತ್ತವೆ. ತೂಕ ನಡುವೆ ಗುಂಪಾಗಿದ್ದರೆ ಮೂತಿ ಚುರುಕಾಗಿ ತಿರುಗುತ್ತದೆ, ಎರಡು ತುದಿಗೆ ಹಂಚಿದ್ದರೆ ಸಾವಕಾಶ ತಿರುಗುತ್ತದೆ. 200 ಗ್ರಾಂ ತೂಕವನ್ನು ಬ್ಯಾಲೆನ್ಸ್‌ನಿಂದ 10 ಸೆ.ಮೀ. ದೂರದಿಂದ 45 ಸೆ.ಮೀ.ಗೆ ಒಯ್ದರೆ ದೂರ ನಾಲ್ಕೂವರೆ ಪಟ್ಟು, ಆದರೆ ತಿರುಗದಂತೆ ತಡೆಯುವ ಶಕ್ತಿ ಇಪ್ಪತ್ತು ಪಟ್ಟು. ಸ್ಟ್ಯಾಂಡಿಂಗ್‌ನಲ್ಲಿ ಮೂತಿ ಓಡಾಡುವುದಕ್ಕೆ ಮದ್ದು ಇದು. 100 ಗ್ರಾಂ ತುದಿಯಲ್ಲಿ ಮಾಡುವ ಕೆಲಸ 500 ಗ್ರಾಂ ನಡುವೆ ಮಾಡುವುದಿಲ್ಲ.

ಆದರೆ ಇದಕ್ಕೆ ಇನ್ನೊಂದು ಮುಖ ಇದೆ. ಸಾವಕಾಶ ತಿರುಗುವ ರೈಫಲ್ ತಪ್ಪು ಕಡೆ ಹೊರಟರೆ ವಾಪಸ್ ತರುವುದೂ ಸಾವಕಾಶ. ಗಾಳಿ ಇರುವ ರೇಂಜ್‌ನಲ್ಲಿ, ಬೇಗ ಮುಗಿಸಬೇಕಾದ ಫೈನಲ್‌ನಲ್ಲಿ ಅದು ಕಾಡುತ್ತದೆ. ಏರ್ ರೈಫಲ್‌ನಲ್ಲಿ ತೂಕ ಬ್ಯಾರಲ್ ಮೇಲೆ ಹಾಕುವಾಗ ಬ್ಯಾರಲ್ ನಡುವಿನಿಂದ 30 ಮಿ.ಮೀ. ಒಳಗೇ ಇರಬೇಕು, ಒಟ್ಟು ತೂಕ 5.5 ಕೆ.ಜಿ. ದಾಟಬಾರದು. ಸೈಟ್, ಹ್ಯಾಂಡ್‌ಸ್ಟಾಪ್ (ಮುಂದಿನ ಕೈಗೆ ತಡೆ) ಎಲ್ಲ ಸೇರಿ ಆ ಲೆಕ್ಕ. ಇಕ್ವಿಪ್‌ಮೆಂಟ್ ಕಂಟ್ರೋಲ್ (ಉಪಕರಣ ತಪಾಸಣೆ) ಮೇಜಿನ ಮುಂದೆ ನಿಂತು ಸ್ಕ್ರೂ ಬಿಚ್ಚುವವರನ್ನು ಎಲ್ಲರೂ ನೋಡಿದ್ದೇವೆ, ಅಲ್ವಾ?


ವಿಜಯಪುರ_ಬಿಸಿಲು

ನೀವು ಬೆಳಗಾವಿಯವರು ತಂಪಿನಲ್ಲಿ ಕೂತು ಅಲ್ಯೂಮಿನಿಯಂ ಬಗ್ಗೆ ಮಾತಾಡುತ್ತೀರಿ. ಏಪ್ರಿಲ್‌ನಲ್ಲಿ ನಮ್ಮ ಕಡೆ ಬಂದು ನೋಡಿ. 40 ಡಿಗ್ರಿ ದಾಟಿದ ಮಧ್ಯಾಹ್ನ ಸ್ವಲ್ಪ ಹೊತ್ತು ಬಿಸಿಲಿಗೆ ಬಿದ್ದ ಚಾಸಿಯನ್ನು ಬರಿಗೈಯಲ್ಲಿ ಹಿಡಿಯುವ ಹಂಗಿಲ್ಲ. ಗಲ್ಲ ಇಟ್ಟರೆ ಮುಗೀತು. ಕಪ್ಪು ಆನೊಡೈಸಿಂಗ್ ಇದ್ದರೆ ಇನ್ನೂ ಚಂದ.

ನನ್ನ ಪ್ರಶ್ನೆ ಇದು. ಲೋಹ ಬಿಸಿಯಾಗಿ ಹಿಗ್ಗಿದರೆ ಬೆಡ್ಡಿಂಗ್ (ಸ್ಟಾಕ್‌ನಲ್ಲಿ ಆ್ಯಕ್ಷನ್ ಕೂರುವ ರೀತಿ) ಏನಾಗುತ್ತದೆ? ಆ್ಯಕ್ಷನ್ ಉಕ್ಕು, ಚಾಸಿ ಅಲ್ಯೂಮಿನಿಯಂ. ಎರಡೂ ಒಂದೇ ಥರ ಹಿಗ್ಗುವುದಿಲ್ಲ. ಪಾಯಿಂಟ್ ಆಫ್ ಇಂಪ್ಯಾಕ್ಟ್ (ಗುಂಡು ಬೀಳುವ ಜಾಗ) ಸರಿಯುವುದಿಲ್ಲವಾ?


ಉದ್ಯಮಬಾಗ್_ಮಿಲ್ಲಿಂಗ್

ಸರಿಯಾದ ಪ್ರಶ್ನೆ. ಅಲ್ಯೂಮಿನಿಯಂ ಉಕ್ಕಿನ ಎರಡು ಪಟ್ಟು ಹಿಗ್ಗುತ್ತದೆ. ಆದರೆ ಅಳತೆ ಹಾಕಿ ನೋಡಿ. ಎರಡು ಸ್ಕ್ರೂಗಳ ನಡುವೆ 20 ಸೆ.ಮೀ. ಇದೆ ಅಂದುಕೊಳ್ಳಿ. ಬೆಳಿಗ್ಗೆಗಿಂತ ಮಧ್ಯಾಹ್ನ 20 ಡಿಗ್ರಿ ಜಾಸ್ತಿ. ಎರಡರ ಹಿಗ್ಗುವಿಕೆಯ ವ್ಯತ್ಯಾಸ ಸುಮಾರು 0.04 ಮಿ.ಮೀ. ಸ್ಕ್ರೂ ತೂತಿನಲ್ಲಿ ಅದಕ್ಕಿಂತ ಜಾಸ್ತಿ ಸಡಿಲ ಇರುತ್ತದೆ. ನಿಮಗೆ ತೊಂದರೆ ಕೊಡುವುದು ಗಲ್ಲಕ್ಕೆ ತಾಗುವ ಬಿಸಿ, ಬೆವರು, ಮತ್ತು ಬ್ಯಾರಲ್ ಮೇಲೆ ಏಳುವ ಝಳ. ಚೀಕ್‌ಪೀಸ್‌ಗೆ ತೆಳು ತೊಗಲು ಅಂಟಿಸಿ. ಮ್ಯಾಚ್ ನಡುವೆ ರೈಫಲ್ ಮೇಲೆ ಬಿಳಿ ಟವೆಲ್ ಹಾಕಿಡಿ.

ಬೆಳಗಾವಿಯ ಕಷ್ಟ ತಿರುವು ಮುರುವು. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಕಟ್ಟಿಗೆ ನೀರು ಕುಡಿಯುತ್ತದೆ. ಕಟ್ಟಿಗೆ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಫೋರೆಂಡ್ ಬ್ಯಾರಲ್‌ಗೆ ತಾಗಿದರೆ ಗ್ರೂಪ್ ಒಡೆಯುತ್ತದೆ. ಮಳೆಗಾಲದಲ್ಲಿ ಒಂದು ಪೇಪರ್ ಪಟ್ಟಿಯನ್ನು ಬ್ಯಾರಲ್ ಕೆಳಗೆ ಓಡಿಸಿ ನೋಡುತ್ತಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಸ್ಯಾಂಡ್‌ಪೇಪರ್. ಅಲ್ಯೂಮಿನಿಯಂ ಬಗ್ಗೆ ನನಗಿರುವ ದೊಡ್ಡ ಮೆಚ್ಚುಗೆ ಇದೇ. ತೂಕದ್ದಲ್ಲ. ಜುಲೈನಲ್ಲಿ ಹೇಗೋ ಜನವರಿಯಲ್ಲೂ ಹಾಗೇ.


ಖಾನಾಪುರ_ಕಟ್ಟಿಗೆ

ಕಟ್ಟಿಗೆಯನ್ನು ಅಷ್ಟು ಸುಲಭಕ್ಕೆ ಬಿಡಬೇಡಿ. ನಮ್ಮೂರಿನ ಬಡಿಗೇರರ ಕೈಯಲ್ಲಿ ಏರ್ ರೈಫಲ್‌ಗೆ ಸಾಗವಾನಿ ಸ್ಟಾಕ್ ಮಾಡಿಸಿದ್ದೇನೆ. ಚೆನ್ನಾಗಿ ಒಣಗಿದ ಹಳೆಯ ತೊಲೆ. ಎಣ್ಣೆ ಅಂಶ ಇರುವುದರಿಂದ ಸಾಗವಾನಿ ನೀರು ಕಡಿಮೆ ಕುಡಿಯುತ್ತದೆ. ತೂಕದಲ್ಲಿ ವಾಲ್‌ನಟ್ ಪಕ್ಕದಲ್ಲೇ ಬರುತ್ತದೆ. ಬೀಟೆಯಲ್ಲಿ ಮಾಡಿದರೆ ಇನ್ನೂ ಗಟ್ಟಿ, ಆದರೆ ಭಾರ. ಆ್ಯಕ್ಷನ್ ಕೂರುವ ಜಾಗದಲ್ಲಿ ಮಾತ್ರ ಅಲ್ಯೂಮಿನಿಯಂ ಪಿಲ್ಲರ್ ಹಾಕಿ, ಸುತ್ತ ಎಪಾಕ್ಸಿ ತುಂಬಿಸಿದೆವು. ಸ್ಕ್ರೂ ಬಿಗಿದಾಗ ಕಟ್ಟಿಗೆ ಒಳಗೆ ಕುಸಿಯುವುದಿಲ್ಲ. ಅರ್ಧ ಖರ್ಚಿನಲ್ಲಿ ಮುಕ್ಕಾಲು ಲಾಭ.

ಮತ್ತೆ, ನಮ್ಮ ಹೊಲಕ್ಕೆ ಹಂದಿ ಬರುತ್ತವೆ. ಅದಕ್ಕೆ ಯಾವ ಸ್ಟಾಕ್ ಚಲೋ?


ವೇದಿಕೆ_ನಿರ್ವಾಹಕ

ಖಾನಾಪುರ ಅವರೇ, ಸಾಗವಾನಿ ವಿಷಯ ಚೆನ್ನಾಗಿದೆ, ಫೋಟೋ ಹಾಕಿ. ಹಂದಿ ವಿಷಯ ಇಲ್ಲಿ ಬೇಡ. 1972ರ ವನ್ಯಜೀವಿ ಕಾಯ್ದೆ ಇದೆ. ಬೆಳೆ ಹಾನಿ ಆದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ.

ಹೊಸಬರಿಗೂ ಒಂದು ಸಲ ಹೇಳಿಬಿಡುತ್ತೇನೆ. .177 ಬೋರ್, 20 ಜೂಲ್ ಒಳಗಿನ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. .22 ಕಾಡತೂಸಿನ ರೈಫಲ್‌ಗೆ ಬೇಕೇ ಬೇಕು. ಬ್ಯಾರಲ್ ಕತ್ತರಿಸುವುದು, ಆ್ಯಕ್ಷನ್ ಮುಟ್ಟುವುದು ಮನೆಯಲ್ಲಿ ಮಾಡುವ ಕೆಲಸವಲ್ಲ, ಶಸ್ತ್ರ ಕಾಯ್ದೆಯಲ್ಲಿ ಅಪರಾಧ. ಸ್ಟಾಕ್ ಬದಲಿಸುವಾಗಲೂ ಲೈಸೆನ್ಸ್ ಇರುವ ಆರ್ಮರರ್ (ಬಂದೂಕು ರಿಪೇರಿ ಮಾಡುವವರು) ಹತ್ತಿರ ಮಾಡಿಸಿ, ಬಿಲ್ ಇಟ್ಟುಕೊಳ್ಳಿ. ಈ ಚರ್ಚೆ ಗುರಿ ಸ್ಪರ್ಧೆಗೆ ಮಾತ್ರ.


ಬಾಗಲಕೋಟೆ_ಟು_ಡಲ್ಲಾಸ್

ನವನಗರದವನು, ಈಗ ಟೆಕ್ಸಾಸ್‌ನಲ್ಲಿದ್ದೇನೆ. ನೀವು ಹೇಳುವ ಚಾಸಿ ಬೇರೆ, ಇಲ್ಲಿ ಎಲ್ಲರೂ ಚಾಸಿ ಅನ್ನುವುದು ಬೇರೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ವಿಡಿಯೋ ನೋಡಿ ಆಸೆಪಟ್ಟು ತಪ್ಪು ಸಾಮಾನು ತರಿಸುವವರು ಜಾಸ್ತಿ ಆಗಿದ್ದಾರೆ.

ಇಲ್ಲಿ ಸಿಗುವ ಚಾಸಿಗಳಲ್ಲಿ ಬಹಳಷ್ಟು 1962ರಲ್ಲಿ ಬಂದ ರೆಮಿಂಗ್ಟನ್ 700 ರೈಫಲ್‌ನ ಅಚ್ಚಿಗೆ ಕೂರುವಂಥವು. ಅದರ ಜೊತೆ ಟಿಕ್ಕಾ, ಸಿಜೆಡ್ 457 ರೈಫಲ್‌ಗಳಿಗೆ ಅಂತ ಬೇರೆ ಬೇರೆ ಅಚ್ಚಿನವೂ ಇವೆ. ಟಿಳಕವಾಡಿ ಅಣ್ಣನ 54 ಆ್ಯಕ್ಷನ್ ಇವುಗಳಲ್ಲಿ ಕೂರುವುದಿಲ್ಲ. ನಿಮಗೆ ಬೇಕಾದ್ದು ಜರ್ಮನಿ ಕಡೆಯ ಮ್ಯಾಚ್ ಸ್ಟಾಕ್.

ತೂಕದ ವಿಷಯ. ಅಮೆರಿಕದವರು ಪೌಂಡ್, ಔನ್ಸ್‌ನಲ್ಲಿ ಬರೆಯುತ್ತಾರೆ, ಕಿಲೋಗೆ ತಿರುಗಿಸಿ ಹೇಳುತ್ತೇನೆ. ಬೆಟ್ಟ ಹತ್ತುವವರಿಗೆ ಅಂತ ಮಾಡಿದ ಎಂಡಿಟಿ ಎಚ್‌ಎನ್‌ಟಿ26 ಇದೆ. ಮೆಗ್ನೀಸಿಯಂ ಮತ್ತು ಕಾರ್ಬನ್ ಫೈಬರ್. 26 ಔನ್ಸ್, ಅಂದರೆ ಸುಮಾರು 740 ಗ್ರಾಂ. ಮ್ಯಾಗ್‌ಪುಲ್ ಹಂಟರ್ 700 ಮತ್ತು ಕೆಆರ್‌ಜಿ ಬ್ರಾವೋ ಎರಡೂ 1.3 ಕೆ.ಜಿ. ಆಸುಪಾಸು. ಮ್ಯಾಗ್‌ಪುಲ್‌ನದು ಪ್ಲಾಸ್ಟಿಕ್ ಸ್ಟಾಕ್, ಆ್ಯಕ್ಷನ್ ಕೂರುವ ಕಡೆ ಅಲ್ಯೂಮಿನಿಯಂ ಬ್ಲಾಕ್. ಬ್ರಾವೋದಲ್ಲಿ ಅಲ್ಯೂಮಿನಿಯಂ ಬೆನ್ನೆಲುಬು ಉದ್ದಕ್ಕೂ ಇದೆ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಸ್ಪರ್ಧೆಗೆ ಅಂತಲೇ ಮಾಡಿದ ಎಂಡಿಟಿ ಎಸಿಸಿ ಎರಡೂವರೆ ಕಿಲೋ ಹತ್ತಿರ, ಅದರ ಮೇಲೆ ತೂಕದ ತುಂಡುಗಳನ್ನು ಬೇರೆ ಜೋಡಿಸಬಹುದು.

ನಾನು ಬಳಸುವುದು ಸಿಜೆಡ್ 457, ಬ್ರಾವೋ ಚಾಸಿ. ಇಲ್ಲಿ .22ಗೆ ಎನ್‌ಆರ್‌ಎಲ್22 ಅಂತ ಕ್ಲಬ್ ಮ್ಯಾಚ್‌ಗಳಿವೆ. 100 ಗಜದ ಒಳಗೆ ಗುರಿ. ಡ್ರಮ್ ಮೇಲೆ, ಏಣಿ ಮೇಲೆ, ಕುರ್ಚಿ ಮೇಲೆ ಚೀಲ ಇಟ್ಟು, ಆ ಚೀಲದ ಮೇಲೆ ರೈಫಲ್ ಇಟ್ಟು ಹೊಡೆಯುವುದು. ಗಡಿಯಾರ ಓಡುತ್ತಿರುತ್ತದೆ. ಆಗ ಬೇಕಾಗುವ ಬ್ಯಾಲೆನ್ಸ್ ಮ್ಯಾಗಜಿನ್‌ನ ಸ್ವಲ್ಪ ಮುಂದೆ. ಚೀಲದ ಮೇಲೆ ಇಟ್ಟು ಕೈ ಬಿಟ್ಟರೆ ರೈಫಲ್ ಮುಂದೂ ಬೀಳಬಾರದು, ಹಿಂದೂ ಬೀಳಬಾರದು. ಅದಕ್ಕೇ ಇಲ್ಲಿಯವರು ಫೋರೆಂಡ್‌ಗೆ ಉಕ್ಕಿನ ಪಟ್ಟಿಗಳನ್ನು ಜೋಡಿಸುತ್ತಾರೆ. ಕೆಲವರ ರೈಫಲ್ 8 ಕಿಲೋ ದಾಟುತ್ತದೆ. ತೂಕ ಹೊರುವುದು ಡ್ರಮ್, ಅವರಲ್ಲ. ಅದನ್ನು ನೋಡಿ ಸ್ಟ್ಯಾಂಡಿಂಗ್‌ಗೆ ಅದೇ ಸರಿ ಅಂದುಕೊಂಡರೆ ಕೆಟ್ಟಿರಿ.

ದೊಡ್ಡ ಕಾಡತೂಸು ಆದರೆ ತೂಕಕ್ಕೆ ಇನ್ನೊಂದು ಕಾರಣ ಇದೆ, ಹಿಂದೊದೆತ. ಅದೇ ಗುಂಡು, ಅದೇ ಮದ್ದು, ರೈಫಲ್ ತೂಕ 4ರಿಂದ 8 ಕಿಲೋ ಆದರೆ ಒದೆತದ ಶಕ್ತಿ ಅರ್ಧ. ಹೊಡೆದ ಮೇಲೂ ಸ್ಕೋಪ್‌ನಲ್ಲಿ ಗುರಿ ಕಾಣುತ್ತಿರುತ್ತದೆ, ಎಲ್ಲಿ ಬಿತ್ತು ಅಂತ ತಾವೇ ನೋಡಬಹುದು. .22ರಲ್ಲಿ ಆ ಒದೆತ ಇಲ್ಲದಷ್ಟು ಕಡಿಮೆ. ಹಾಗಾಗಿ .22ಗೆ ತೂಕ ಕಟ್ಟುವಾಗ ಆ ಕಾರಣ ಹೇಳಿಕೊಂಡು ಬರಬೇಡಿ.

ಕೊನೆಗೆ, ರಜೆಗೆ ಬರುವಾಗ ಚಾಸಿ ತಂದುಕೊಡು ಅಂತ ನನಗೆ ಮೆಸೇಜ್ ಮಾಡಬೇಡ್ರಿ. ಬಂದೂಕಿನ ಭಾಗಗಳನ್ನು ಅಮೆರಿಕದಿಂದ ಹೊರಗೆ ಒಯ್ಯಲು ಇಲ್ಲಿ ರಫ್ತು ನಿಯಮಗಳಿವೆ, ಅಲ್ಲಿ ಕಸ್ಟಮ್ಸ್ ಇದೆ. ಬ್ಯಾಗಲ್ಲಿ ಹೋಳಿಗೆ ಮಾತ್ರ ಓಡಾಡುತ್ತದೆ.


ಶಹಾಪುರ_ಅಮ್ಮ (ಬೆಳಗಾವಿ)

ಎಲ್ಲ ಓದಿದೆ, ಅರ್ಧ ಅರ್ಥ ಆಯಿತು. ನನ್ನ ಮಗಳಿಗೆ ಹದಿಮೂರು ವರ್ಷ, ತೂಕ 38 ಕೆ.ಜಿ. ಹತ್ತು ಮೀಟರ್ ಏರ್ ರೈಫಲ್ ಶುರು ಮಾಡಿದ್ದಾಳೆ. ಕ್ಲಬ್‌ನ ರೈಫಲ್ ಕಟ್ಟಿಗೆಯದು. ಒಬ್ಬ ಮಾರಾಟಗಾರರು ಅಲ್ಯೂಮಿನಿಯಂ ಸ್ಟಾಕ್ ಇರುವ ದೊಡ್ಡವರ ಮಾಡೆಲ್ ತಗೊಳ್ಳಿ, ಮುಂದೆ ನ್ಯಾಷನಲ್ಸ್‌ಗೂ ಆಗುತ್ತದೆ ಅಂತ ಹೇಳಿದರು. 5 ಕಿಲೋ ಹತ್ತಿರ ಇದೆ. ಅವಳು ನಿಂತು ಹಿಡಿದಾಗ ಹಿಂದಕ್ಕೆ ಬಾಗಿ ನಿಲ್ಲುತ್ತಾಳೆ. ಇದು ಸರಿಯಾ?


ಹತ್ತು_ಮೀಟರ್

ಅಕ್ಕಾ, ಈಗಲೇ ಬೇಡ. ಮಾರುವವರು ಮಾರುತ್ತಾರೆ, ಹಿಡಿಯುವವಳು ನಿಮ್ಮ ಮಗಳು.

ಸ್ಟ್ಯಾಂಡಿಂಗ್‌ನಲ್ಲಿ ಎಲ್ಲರೂ ಸ್ವಲ್ಪ ಹಿಂದಕ್ಕೆ ಬಾಗುತ್ತಾರೆ. ಎಡ ಮೊಣಕೈಯನ್ನು ಸೊಂಟದ ಎಲುಬಿನ ಮೇಲೆ ಊರಿ, ರೈಫಲ್ ಭಾರ ಎಲುಬಿನ ಮೂಲಕ ನೆಲಕ್ಕೆ ಇಳಿಯಬೇಕು. ಅದು ಇರಬೇಕಾದ ಬಾಗು. ಆದರೆ ಭಾರಕ್ಕೆ ಸರಿದೂಗಿಸುವುದಕ್ಕೆ ಅಂತ ಜಾಸ್ತಿ ಬಾಗಿದರೆ ಕೆಳಬೆನ್ನಿನ ಮೇಲೆ ಹೊರೆ ಬೀಳುತ್ತದೆ. 38 ಕಿಲೋ ಹುಡುಗಿಗೆ 5 ಕಿಲೋ ಅಂದರೆ ಮೈ ತೂಕದ ಎಂಟನೇ ಒಂದು ಭಾಗಕ್ಕಿಂತ ಜಾಸ್ತಿ. ಮ್ಯಾಚ್‌ನಲ್ಲಿ 60 ಶಾಟ್, ಎಲೆಕ್ಟ್ರಾನಿಕ್ ಟಾರ್ಗೆಟ್‌ನಲ್ಲಿ 75 ನಿಮಿಷ. ಅದರ ಮುಂಚೆ ಸೈಟಿಂಗ್ ಶಾಟ್ (ಅಂಕಕ್ಕೆ ಸೇರದ ಪರೀಕ್ಷಾ ಹೊಡೆತ). ಎತ್ತಿ, ಮನಸ್ಸಿಗೆ ಬಾರದೆ ಇಳಿಸುವುದು ಬೇರೆ. ಬೆಳೆಯುವ ವಯಸ್ಸಿನ ಬೆನ್ನು ಅದು.

ನಾನಾದರೆ ಹೀಗೆ ಮಾಡುತ್ತೇನೆ. ನಾಲ್ಕು ಕಿಲೋ ಒಳಗಿನ ರೈಫಲ್ ನೋಡಿ. ಸ್ಟಾಕ್ ಕಟ್ಟಿಗೆಯೋ ಅಲ್ಯೂಮಿನಿಯಮ್ಮೋ ಅನ್ನುವುದು ಎರಡನೇ ಮಾತು. ಉದ್ದ ಕಡಿಮೆ ಮಾಡಲು ಬರಬೇಕು, ಚೀಕ್‌ಪೀಸ್ ಏರಿಳಿಯಬೇಕು. ಈ ವಯಸ್ಸಿನಲ್ಲಿ ಒಂದು ವರ್ಷಕ್ಕೇ ಕೈ ಉದ್ದವಾಗುತ್ತದೆ, ಆಗ ಹೊಸದು ತರಿಸುವ ಬದಲು ಒಂದು ಸ್ಕ್ರೂ ತಿರುಗಿಸಿದರೆ ಆಗಬೇಕು. ಈ ಒಂದು ಕಾರಣಕ್ಕೆ ಮಕ್ಕಳಿಗೆ ಅಲ್ಯೂಮಿನಿಯಂ ಒಳ್ಳೆಯದು ಅಂತ ನಾನು ಒಪ್ಪುತ್ತೇನೆ. ಆದರೆ ಹಗುರ ಮಾಡೆಲ್‌ನಲ್ಲಿ.

ಬ್ಯಾಲೆನ್ಸ್ ಅವಳ ಎಡಗೈ ಮೇಲೇ, ಅಥವಾ ಬೆರಳಷ್ಟು ಮುಂದೆ ಬರಲಿ. ತೂಕ ಸೇರಿಸುವ ಮಾತು ಅವಳು ಪೂರ್ತಿ ಅಭ್ಯಾಸ ಮುಗಿಸಿ ಬೆನ್ನು ನೋವು ಅನ್ನದೆ ಮನೆಗೆ ಬರಲು ಶುರುವಾದ ಮೇಲೆ. ಸೇರಿಸುವಾಗಲೂ 50 ಗ್ರಾಂ, 50 ಗ್ರಾಂ ಅಂತ. 5.5 ಕಿಲೋ ಅನ್ನುವುದು ಮಿತಿ. ಅಲ್ಲಿಗೆ ತಲುಪಲೇಬೇಕು ಅಂತ ಯಾರೂ ಹೇಳಿಲ್ಲ. ಹಗುರ ರೈಫಲ್‌ನಲ್ಲೂ ಹತ್ತರ ಚುಕ್ಕೆ ಅರ್ಧ ಮಿಲಿಮೀಟರೇ ಇರುತ್ತದೆ.

ಕೋಚ್ ಹತ್ತಿರ ಒಂದು ಮಾತು ಕೇಳಿ. ಅವಳು ನಿಂತಿರುವಾಗ ಪಕ್ಕದಿಂದ, ಹಿಂದಿನಿಂದ ಎರಡು ಫೋಟೋ ತೆಗೆಯಲು ಹೇಳಿ. ಆರು ತಿಂಗಳಿಗೊಮ್ಮೆ ಹೋಲಿಸಿ ನೋಡಿ.


ಶಹಾಪುರ_ಅಮ್ಮ

ತುಂಬಾ ಉಪಕಾರ ಆಯಿತು ತಂಗಿ. ಮಾರಾಟಗಾರರಿಗೆ ಇವತ್ತೇ ಬೇಡ ಅಂತ ಹೇಳುತ್ತೇನೆ.


ಗೋಕಾಕ್_ಹವಾಲ್ದಾರ್

ತಂಗಿ ಹೇಳಿದ್ದು ನೂರಕ್ಕೆ ನೂರು. ಮಕ್ಕಳಿಗೆ ಭಾರ ಹೊರಿಸಿ ಗಟ್ಟಿ ಮಾಡುತ್ತೇವೆ ಅನ್ನುವವರನ್ನು ರೇಂಜ್‌ನಿಂದ ಹೊರಗೆ ಹಾಕಬೇಕು.


ಟಿಳಕವಾಡಿ_50ಮೀ

ಉದ್ಯಮಬಾಗ್ ಅಣ್ಣಾ, ನಿಮ್ಮ ಮಾತು ಕೇಳಿ ಆರ್ಮರರ್ ಹತ್ತಿರ ಹೋಗಿದ್ದೆ. ಈ ಸ್ಟಾಕ್‌ನಲ್ಲಿ ಆ್ಯಕ್ಷನ್ ಮುಂದೆ ಸರಿಸುವ ಸೌಲಭ್ಯ ಇದೆ. 3 ಸೆ.ಮೀ. ಮುಂದಕ್ಕೆ ಕೂರಿಸಿದರು. ಬಟ್‌ಪ್ಲೇಟ್ ಹಿಂದಿನ ಉಕ್ಕಿನ ರಾಡ್ ತೆಗೆದು ಗಿಡ್ಡ ಅಲ್ಯೂಮಿನಿಯಂ ರಾಡ್ ಹಾಕಿದರು. ನಾನು ಗಿಡ್ಡ ಕೈಯವನು, ಉದ್ದದ್ದು ಬೇಕೂ ಇರಲಿಲ್ಲ. ಈಗ ಒಟ್ಟು 5.7 ಕೆ.ಜಿ., ಬ್ಯಾಲೆನ್ಸ್ 12 ಸೆ.ಮೀ. ಹತ್ತಿರ. ಟ್ರಿಗರ್ ಕೂಡ ಆ್ಯಕ್ಷನ್ ಜೊತೆ ಮುಂದೆ ಹೋಗುತ್ತದಲ್ಲ, ಅದಕ್ಕೇ ಈ ಸಲ ಗ್ರಿಪ್‌ನಿಂದ ಅಳೆದು, ಹಳೆಯ ಲೆಕ್ಕಕ್ಕೆ ಹೊಂದಿಸಿ ಹೇಳುತ್ತಿದ್ದೇನೆ. ಬೆರಳು ಟ್ರಿಗರ್‌ಗೆ ಎಟುಕಲು ಟ್ರಿಗರ್ ಬ್ಲೇಡನ್ನು ಹಿಂದಕ್ಕೆ ಸರಿಸಬೇಕಾಯಿತು.

ಸ್ಟ್ಯಾಂಡಿಂಗ್‌ನಲ್ಲಿ ಓಡಾಟ ಕಡಿಮೆ ಆಗಿದೆ. ಮೂತಿ ತುದಿಗೆ 100 ಗ್ರಾಂ ಹಾಕಿ ನೋಡಿದೆ, ಇನ್ನೂ ನಿಧಾನ ಆಯಿತು. ಅದನ್ನು ಇಟ್ಟುಕೊಳ್ಳುತ್ತೇನೆ. ನೀಲಿಂಗ್ ಮಾತ್ರ ಇನ್ನೂ ಸರಿ ಬಂದಿಲ್ಲ. ಸ್ಲಿಂಗ್ (ತೋಳಿಗೆ ಬಿಗಿಯುವ ಪಟ್ಟಿ) ಹಾಕಿ ಎಡಗೈ ಮುಂದೆ ಹೋದ ಕೂಡಲೇ ಬಟ್ ಭಾರ ಅನಿಸುತ್ತದೆ, ಶಾಟ್ ಆದ ಮೇಲೆ ಮೂತಿ ಮೇಲಕ್ಕೆ ಹಾರುತ್ತದೆ.


ಹತ್ತು_ಮೀಟರ್

ನೀಲಿಂಗ್‌ಗೆ ಬಟ್‌ಪ್ಲೇಟ್ ಎತ್ತರ ಬೇರೆ ಇಡಬೇಕು. ಸ್ಟ್ಯಾಂಡಿಂಗ್‌ನದ್ದೇ ಇಟ್ಟರೆ ತಲೆ ಮುಂದಕ್ಕೆ ಬಗ್ಗುತ್ತದೆ, ಹೆಗಲಿಗೆ ಬಟ್ ಅರ್ಧವೇ ತಾಗುತ್ತದೆ, ಆಗ ಮೂತಿ ಹಾರುತ್ತದೆ. ತೂಕದ ದೋಷ ಅಂತ ಅನಿಸುತ್ತದೆ, ಆದರೆ ಅದಲ್ಲ. ಮೂರು ಪೊಸಿಷನ್‌ಗೆ ಮೂರು ಗುರುತು, ಬಿಳಿ ಪೆನ್‌ನಿಂದ ರಾಡ್ ಮೇಲೆ ಹಾಕಿಕೊಳ್ಳಿ. ಸ್ಪರ್ಧೆಯಲ್ಲಿ ನೀಲಿಂಗ್, ಪ್ರೋನ್, ಸ್ಟ್ಯಾಂಡಿಂಗ್ ಅಂತ ಬದಲಿಸುವಾಗ ಎಣಿಸುತ್ತಾ ಕೂರುವಷ್ಟು ಸಮಯ ಇರುವುದಿಲ್ಲ. ನಿಜವಾಗಿ ನೀವು ಅಲ್ಯೂಮಿನಿಯಂಗೆ ದುಡ್ಡು ಕೊಡುವುದು ಈ ಒಂದು ಅನುಕೂಲಕ್ಕೆ.


ವಿಜಯಪುರ_ಬಿಸಿಲು

ಆ್ಯಕ್ಷನ್ ಹಿಡಿಸುವ ಸ್ಕ್ರೂ ಎಷ್ಟು ಬಿಗಿಯಬೇಕು ಅಂತ ಯಾರೂ ಹೇಳಲೇ ಇಲ್ಲ. ನಾನು ಎಲ್ಕೀಯಿಂದ (ಅಲೆನ್ ಕೀ) ಕೈಗೆ ಬಂದಷ್ಟು ಬಿಗಿಯುತ್ತೇನೆ.


ಉದ್ಯಮಬಾಗ್_ಮಿಲ್ಲಿಂಗ್

ಕೈಗೆ ಬಂದಷ್ಟು ಬೇಡ. ಸ್ಟಾಕ್ ತಯಾರಕರ ಕೈಪಿಡಿಯಲ್ಲಿ ನ್ಯೂಟನ್ ಮೀಟರ್‌ನಲ್ಲಿ ಬರೆದಿರುತ್ತದೆ, ಅಷ್ಟೇ. ಅಮೆರಿಕದ ಕೈಪಿಡಿಯಾದರೆ ಇಂಚ್ ಪೌಂಡ್ ಇರುತ್ತದೆ. 8.85ರಿಂದ ಭಾಗಿಸಿ. ಅಲ್ಲಿ 65 ಅಂತ ಇದ್ದರೆ ನಮ್ಮಲ್ಲಿ 7.3. ಕಟ್ಟಿಗೆ ಸ್ಟಾಕ್‌ಗೆ, ಅದರಲ್ಲೂ ಪಿಲ್ಲರ್ ಇಲ್ಲದ್ದಕ್ಕೆ, ಲೋಹದ ಚಾಸಿಯ ಅಂಕಿ ಹಾಕಿದರೆ ಕಟ್ಟಿಗೆ ಜಜ್ಜಿ ಹೋಗುತ್ತದೆ.

ಬೆಡ್ಡಿಂಗ್ ಸರಿ ಇದೆಯಾ ಅಂತ ನೋಡಲು ಡಯಲ್ ಗೇಜ್ ಒಂದು ಸಾಕು. ಗೇಜನ್ನು ಫೋರೆಂಡ್‌ಗೆ ಹಿಡಿಸಿ, ಮುಳ್ಳನ್ನು ಬ್ಯಾರಲ್ ಮೇಲೆ ಇಡಿ. ಒಂದು ಸ್ಕ್ರೂ ಸಡಿಲಿಸಿ. ಮುಳ್ಳು 0.05 ಮಿ.ಮೀ. ದಾಟಿ ಓಡಿದರೆ ಆ್ಯಕ್ಷನ್ ಬಾಗಿ ಕೂತಿದೆ ಅಂತ. ಮತ್ತೆ ಬಿಗಿದು ಇನ್ನೊಂದನ್ನು ಸಡಿಲಿಸಿ ನೋಡಿ. ಸಾವಿರಾರು ರೂಪಾಯಿಯ ಚಾಸಿ ಹಾಕಿ ಇದನ್ನು ನೋಡದೆ ಇದ್ದರೆ ಸುಮ್ನೆ ದುಡ್ಡು ದಂಡ.

ಕೆಲವರು ಚಾಸಿಯನ್ನೇ ಮಾಡಿಕೊಡಿ ಅಂತ ಖಾಸಗಿಯಾಗಿ ಕೇಳುತ್ತಿದ್ದೀರಿ. ಮಾಡುವುದಿಲ್ಲ. ಏರ್ ರೈಫಲ್‌ನ ಹ್ಯಾಂಡ್ ರೆಸ್ಟ್, ತೂಕದ ತುಂಡು ಅಂತಾದರೆ ಡ್ರಾಯಿಂಗ್ ಕಳಿಸಿ, ನೋಡೋಣ.


ಟಿಳಕವಾಡಿ_50ಮೀ

ಅಣ್ಣಾ, ಡಯಲ್ ಗೇಜ್, ಟಾರ್ಕ್ ವ್ರೆಂಚ್ ಎರಡೂ ಈ ಭಾನುವಾರ ರೇಂಜ್‌ಗೆ ತರಲು ಆಗುತ್ತದಾ?


ಉದ್ಯಮಬಾಗ್_ಮಿಲ್ಲಿಂಗ್

ಗೇಜ್ ತರುತ್ತೇನೆ. ವ್ರೆಂಚ್ ಕೂಡ ಇದೆ, ಆದರೆ ಕಳೆದ ಸಲ ಒಯ್ದವರು 4 ಮಿ.ಮೀ. ಎಲ್ಕೀ ಬಿಟ್ ವಾಪಸ್ ಕೊಟ್ಟಿಲ್ಲ. ಯಾರು ಅಂತ ನನಗೂ ಗೊತ್ತು, ಅವರಿಗೂ ಗೊತ್ತು, ಈ ಚರ್ಚೆಯನ್ನೂ ಓದುತ್ತಿದ್ದಾರೆ.


ಖಾನಾಪುರ_ಕಟ್ಟಿಗೆ

ತರುತ್ತೇನೆ ಮಾರಾಯ್ರೇ, ಭಾನುವಾರ ತರುತ್ತೇನೆ.